ಮುಂದಿನ ಗಾಲಿಗೆ ಎಳೆಯುವ ಕೆಲಸ ಬೇಡ ಅಂದ ನಮ್ಮ ತಮ್ಮ

ಒಂದೇ ಮನೆತನ, ಒಂದೇ ವರ್ಷ. ನಮ್ಮ ದೊಡ್ಡಪ್ಪ ಲಕ್ಷದ ಮೇಲೆ ಹೆಚ್ಚು ಕೊಟ್ಟು ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್ ತಂದರು. ಅವರ ಮಗ ಇಂಗ್ಲೆಂಡಿನಲ್ಲಿ ನಾಲ್ಕೂ ಗಾಲಿ ಎಳೆಯುವ ಕಾರು ತಂದು, ಮುಂದಿನ ಎರಡು ಗಾಲಿಗೆ ಹೋಗುವ ಶಕ್ತಿಯನ್ನು ಕಿತ್ತುಹಾಕಿದ. ಇಬ್ಬರೂ ಬುದ್ಧಿವಂತರೇ. ಇಬ್ಬರೂ ಲೆಕ್ಕ ಹಾಕಿಯೇ ಮಾಡಿದ್ದು. ಹಾಗಾದರೆ ಯಾರು ಸರಿ ಅಂತ ನಮ್ಮ ಓಣಿಯಲ್ಲಿ ಇಡೀ ಚಳಿಗಾಲ ಚರ್ಚೆ ನಡೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಣ್ಣ ತಂಗಿ, ಹಾವೇರಿ ಜಿಲ್ಲೆಯವರು. ಇಬ್ಬರೂ ಪತ್ರಿಕೋದ್ಯಮ ಓದಿ ಊರಿಗೇ ಬಂದವರು. ದೊಡ್ಡಪ್ಪನ ಮಗ ನಮಗಿಂತ ಚಿಕ್ಕವನು, ಎಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆ ಇಂಗ್ಲೆಂಡಿನ ಕೊವೆಂಟ್ರಿಗೆ ಹೋದ. ಆ ಓದಿಗಾಗಿ ದೊಡ್ಡಪ್ಪ ಎರಡು ಎಕರೆ ಎರಿ ಹೊಲದ ಕಾಗದ ಬ್ಯಾಂಕಿನಲ್ಲಿ ಇಟ್ಟಿದ್ದಾರೆ. ಈಗ ಅವನಿಗೆ ಅಲ್ಲೇ ಕೆಲಸ. ಕಂತು ಕಟ್ಟುತ್ತಿದ್ದಾನೆ, ಇನ್ನೂ ಎರಡು ಕಂತು ಬಾಕಿ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಯಾಕೆಂದರೆ ಮುಂದೆ ಬರುವ ಮಾತೆಲ್ಲ ಕಾರಿನದ್ದು ಅನಿಸಿದರೂ, ದೊಡ್ಡಪ್ಪನ ತಲೆಯಲ್ಲಿ ಇದ್ದದ್ದು ಆ ಎರಡು ಎಕರೆ.

ಅಪ್ಪ ಮಗನ ನಡುವೆ ಮಾತು ಕಡಿಮೆಯಾಗಿತ್ತು. ಜಗಳ ಏನಿಲ್ಲ. "ಊಟ ಆತಾ?" "ಆತು." "ಆರಾಮ?" "ಆರಾಮ." ಅಷ್ಟಕ್ಕೆ ಫೋನು ನಮ್ಮ ಕೈಗೆ ಬರುತ್ತಿತ್ತು. ಕಾರಿನ ವಿಷಯ ಬಂದ ಮೇಲೆ ಅದು ಬದಲಾಯಿತು.

ಅವನು ತಂದ ಕಾರು

2002ರ ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್. ಜಪಾನಿನ ಕಾರು. ಇದೇ ಹೆಸರಿನ ಕಾರಿನಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ 1995ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆಗಿದ್ದರು. ಮಣ್ಣು, ಜಲ್ಲಿ, ಹಿಮ ಎಲ್ಲದರ ಮೇಲೂ ನಾಲ್ಕೂ ಗಾಲಿ ನೆಲ ಕಚ್ಚಿ ಎಳೆಯುವುದೇ ಅದರ ಗುಣ. ನಮ್ಮ ತಮ್ಮ ತಂದದ್ದು ತುಕ್ಕು ಹಿಡಿದ ಹಳೆಯ ಗಾಡಿ, 2,000 ಪೌಂಡಿಗೆ.

ಅಲ್ಲಿ ರೇಸ್ ಟ್ರ್ಯಾಕುಗಳನ್ನು ಕೆಲವು ದಿನ ಸಾಮಾನ್ಯ ಜನರಿಗೆ ಬಿಡುತ್ತಾರೆ. ಅದಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರೆ. ಹಣ ಕಟ್ಟಬೇಕು, ಹೆಲ್ಮೆಟ್ ಹಾಕಬೇಕು, ಬೆಳಿಗ್ಗೆ ಅವರು ಹೇಳುವ ನಿಯಮ ಕೇಳಬೇಕು, ಕಾರಿನ ಸದ್ದು ಮಿತಿಯೊಳಗೆ ಇರಬೇಕು. ಅದು ರೇಸ್ ಅಲ್ಲ. ಟೈಮ್ ಹಿಡಿಯುವುದಕ್ಕೂ ಬಿಡುವುದಿಲ್ಲ. ಅಕ್ಟೋಬರ್‌ನಲ್ಲಿ ಅವನು ಲೆಸ್ಟರ್‌ಷೈರ್‌ನ ಮ್ಯಾಲರಿ ಪಾರ್ಕ್ ಎಂಬ ಟ್ರ್ಯಾಕಿಗೆ ಈ ಕಾರು ಒಯ್ದ. ಒಂದು ಕೆರೆಯ ಸುತ್ತ ಇರುವ ಸಣ್ಣ ಟ್ರ್ಯಾಕ್, ಒಂದು ಸುತ್ತು ಸುಮಾರು 2.2 ಕಿಲೋಮೀಟರ್. ಅದರಲ್ಲಿ ಜೆರಾರ್ಡ್ಸ್ ಅಂತ ಒಂದು ಉದ್ದನೆಯ ಬಲ ತಿರುವು ಇದೆ. ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದ. ಇನ್ನೊಂದು ಕಡೆ ಶಾಸ್ ಹೇರ್‌ಪಿನ್, ನಮ್ಮ ಘಟ್ಟದ ತಿರುವಿಗಿಂತ ಬಿಗಿ.

ಆ ಉದ್ದ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರಿನ ಮೂತಿ ಹೊರಕ್ಕೆ ಹೊರಕ್ಕೆ ಹೋಗುತ್ತಿತ್ತು. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಬಲಕ್ಕೆ ಬರಲೊಲ್ಲದು. ಸಂಜೆ ನೋಡಿದರೆ ಮುಂದಿನ ಟೈರುಗಳ ಹೊರ ಅಂಚು ಸವೆದು ನೂಲು ಕಾಣುವ ಹಂತಕ್ಕೆ ಬಂದಿತ್ತು. ಹಿಂದಿನ ಟೈರು ಹೊಸದರ ಹಾಗೆ ಇದ್ದವು.

ಅವತ್ತೇ ಅವನು ತೀರ್ಮಾನ ಮಾಡಿದ: ಮುಂದಿನ ಗಾಲಿಗೆ ಎಳೆಯುವ ಕೆಲಸ ಬೇಡ, ಅವು ಬರೀ ತಿರುಗಲಿ.

ಒಂದು ಸೇರಿನ ಲೆಕ್ಕ

ಇದು ಯಾಕೆ ಹೀಗೆ ಅನ್ನುವುದು ನಮಗೂ ಮೊದಲು ತಿಳಿಯಲಿಲ್ಲ. ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಒಂದು ಟೈರಿಗೆ ನೆಲದ ಮೇಲೆ ಇರುವ ಹಿಡಿತ ಒಂದು ಸೇರು ಅಂದುಕೊಳ್ಳಿ. ಅದನ್ನು ಎಳೆಯಲು ಬಳಸಬಹುದು, ತಿರುಗಲು ಬಳಸಬಹುದು, ಬ್ರೇಕಿಗೆ ಬಳಸಬಹುದು. ಆದರೆ ಇರುವುದು ಒಂದೇ ಸೇರು. ಎಳೆಯಲು ಹೆಚ್ಚು ಕೊಟ್ಟರೆ ತಿರುಗಲು ಕಡಿಮೆ ಉಳಿಯುತ್ತದೆ. ಹೊಲದ ತುದಿಯಲ್ಲಿ ಎತ್ತು ತಿರುಗಿಸುವಾಗ ರಂಟೆ ಎತ್ತಿ ಹಿಡಿಯುತ್ತೀರಲ್ಲ, ನೇಗಿಲು ನೆಲದಲ್ಲೇ ಇದ್ದರೆ ಎತ್ತು ಎಳೆಯಬೇಕೋ ತಿರುಗಬೇಕೋ? ಹಾಗೆಯೇ ಇದು.

ಇಂಪ್ರೆಝಾದಲ್ಲಿ ಎಂಜಿನ್ ಪೂರ್ತಿ ಮುಂದೆ, ಮುಂದಿನ ಆಕ್ಸಲಿಗಿಂತಲೂ ಮುಂದೆ ಕೂತಿರುತ್ತದೆ. ಭಾರ ಮೊದಲೇ ಮುಂದೆ. ಆ ಭಾರವನ್ನೂ ತಿರುಗಿಸಬೇಕು, ಜೊತೆಗೆ ಎಳೆಯಲೂ ಬೇಕು ಅಂದರೆ ಮುಂದಿನ ಟೈರುಗಳ ಸೇರು ಬೇಗ ಖಾಲಿ. ಮಣ್ಣಿನ ಮೇಲಾದರೆ ಹಿಡಿತವೇ ಕಡಿಮೆ, ನಾಲ್ಕೂ ಗಾಲಿ ಎಳೆದರಷ್ಟೇ ಗಾಡಿ ಮುಂದೆ ಹೋಗುವುದು. ಒಣಗಿದ ಡಾಂಬರಿನ ಮೇಲೆ ಹಿಡಿತ ಸಾಕಷ್ಟಿದೆ, ಅಲ್ಲಿ ಎರಡು ಗಾಲಿ ಎಳೆದರೂ ನಡೆಯುತ್ತದೆ. ಇದು ಅವನ ವಾದ.

"ನಿನ್ನ ಕಾರಿನಾಗ ಲಿವರ್ ಇಲ್ಲೇನು?"

ಭಾನುವಾರ ಸಂಜೆ ಏಳೂವರೆಗೆ ಅವನ ವಿಡಿಯೋ ಕರೆ ಬರುತ್ತಿತ್ತು. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ಬಾಡಿಗೆಯ ಶೆಡ್ಡಿನಲ್ಲಿ ಕಾರು ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಮ್ಮ ಕಟ್ಟೆಯ ಮೇಲೆ ದೊಡ್ಡಪ್ಪ, ನಾವು, ಕೆಲವೊಮ್ಮೆ ಟ್ರ್ಯಾಕ್ಟರ್ ರಿಪೇರಿಯ ಮಿಸ್ತ್ರಿ ಕಾಕಾ. ಫೋನನ್ನು ಚೊಂಬಿಗೆ ಒರಗಿಸಿ ಇಡುತ್ತಿದ್ದೆವು.

ಮೊದಲ ದಿನ ವಿಷಯ ಕೇಳಿದ ಕೂಡಲೇ ದೊಡ್ಡಪ್ಪ ಅಂದರು:

"ಅಲ್ಲಪಾ, ಕಂಪನಿಯವರು ತಲಿ ಓಡಿಸಿ ಹಾಕಿದ್ದನ್ನ ನೀ ಯಾಕ ತೆಗೀತಿ? ನಾ ಅದು ಬೇಕಂತ ರೊಕ್ಕ ಕೊಟ್ಟು ತಂದೀನಿ."

ಅವನು ಸೇರಿನ ಲೆಕ್ಕ ಹೇಳಿದ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಹಂಗಾದ್ರ ಬೇಕಾದಾಗ ಹಾಕು, ಬ್ಯಾಡಾದಾಗ ತೆಗಿ. ನಿನ್ನ ಕಾರಿನಾಗ ಲಿವರ್ ಇಲ್ಲೇನು?"

ಟ್ರ್ಯಾಕ್ಟರ್ ಇದ್ದವರಿಗೆ ಇದು ಗೊತ್ತು. ಹೊಲದಲ್ಲಿ ಲಿವರ್ ಹಾಕಿದರೆ ಮುಂದಿನ ಗಾಲಿಯೂ ಎಳೆಯುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ತೆಗೆಯಬೇಕು. ಯಾಕೆಂದರೆ ತಿರುವಿನಲ್ಲಿ ಮುಂದಿನ ಗಾಲಿ ಹೋಗುವ ದಾರಿ ಹಿಂದಿನ ಗಾಲಿಯ ದಾರಿಗಿಂತ ಉದ್ದ. ಹೊಲದ ಮಣ್ಣಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಆಗುವುದಿಲ್ಲ. ಟೈರು ಸವೆಯುತ್ತದೆ, ಗೇರುಗಳಿಗೆ ಹಿಂಸೆಯಾಗುತ್ತದೆ.

ಕಾರು ಯಾವಾಗಲೂ ಡಾಂಬರಿನ ಮೇಲೆ ನಾಲ್ಕೂ ಗಾಲಿಯಿಂದ ಎಳೆಯಬೇಕಾದರೆ ಈ ವ್ಯತ್ಯಾಸಕ್ಕೆ ಒಂದು ದಾರಿ ಬೇಕು. ಅದಕ್ಕೇ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇಡುತ್ತಾರೆ. ಇವನ ಕಾರಿನಲ್ಲಿ ಅದು ಗೇರ್‌ಬಾಕ್ಸಿನ ಹಿಂಭಾಗದಲ್ಲಿದೆ. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ ಹಂಚುತ್ತದೆ. ಅದರ ಜೊತೆಗೆ ಒಂದು ಡಬ್ಬಿ. ಒಳಗೆ ದಪ್ಪ ಸಿಲಿಕಾನ್ ಎಣ್ಣೆ, ಎಣ್ಣೆಯಲ್ಲಿ ತೆಳುವಾದ ತಟ್ಟೆಗಳು. ಬೆಲ್ಲದ ಪಾಕದಲ್ಲಿ ಸೌಟನ್ನು ನಿಧಾನಕ್ಕೆ ತಿರುಗಿಸಿದರೆ ತಿರುಗುತ್ತದೆ, ಜೋರು ಮಾಡಿದರೆ ತಡೆಯುತ್ತದಲ್ಲ, ಹಾಗೆ. ಒಂದು ಕಡೆಯ ಗಾಲಿಗಳು ಸುಮ್ಮನೆ ಗಿರಗಿರ ತಿರುಗತೊಡಗಿದರೆ ಅದು ತಡೆದು, ಇನ್ನೊಂದು ಕಡೆಗೂ ಶಕ್ತಿ ಹೋಗುವಂತೆ ಮಾಡುತ್ತದೆ.

"ಲಿವರ್ ಇಲ್ಲಪ್ಪಾ" ಅಂದ ಅವನು. "ಇದು ತಾನಾ ನೋಡ್ಕೋತೈತಿ."

"ಹಂಗಾದ್ರ ನೀ ಲಿವರ್ ಕೆಲಸ ಪಾನಾ ಹಿಡಕೊಂಡು ಮಾಡಾಕತ್ತಿ" ಅಂದರು ದೊಡ್ಡಪ್ಪ. ಆ ಚಳಿಗಾಲದಲ್ಲಿ ಅವನು ಮೊದಲ ಸಲ ಬಾಯಿತುಂಬ ನಕ್ಕ.

ಮ್ಯಾಸಿಯ ಯಜಮಾನ

ಆ ಶೆಡ್ಡಿನಲ್ಲಿ ಇನ್ನೊಬ್ಬರು ಇರುತ್ತಿದ್ದರು. ನಿವೃತ್ತ ಗೇರ್‌ಬಾಕ್ಸ್ ಫಿಟ್ಟರ್, ತಲೆ ಪೂರ್ತಿ ಬೆಳ್ಳಗಾದ ಇಂಗ್ಲಿಷ್ ಅಜ್ಜ. ಶೆಡ್ಡಿನ ಅರ್ಧ ಬಾಡಿಗೆ ಅವರದ್ದು. ಒಂದು ಭಾನುವಾರ ಹಿಂದೆ ನಿಂತಿದ್ದ ನಮ್ಮ ಟ್ರ್ಯಾಕ್ಟರ್ ಕಂಡು ಫೋನಿನ ಹತ್ತಿರ ಬಂದು, ಕೈಯಲ್ಲಿ ಮೂರು ಬೆರಳು ತೋರಿಸಿ ಏನೋ ಕೇಳಿದರು. ತಮ್ಮ ಅನುವಾದ ಮಾಡಿದ: "ನಿಮ್ಮ ಟ್ರ್ಯಾಕ್ಟರಿಗೆ ತ್ರೀ ಪಾಯಿಂಟ್ ಲಿಂಕೇಜ್ ಐತೆನು ಅಂತ ಕೇಳಾಕತ್ತಾರು." ಅದಿಲ್ಲದ ಟ್ರ್ಯಾಕ್ಟರ್ ಯಾವುದು ಅಂದರು ದೊಡ್ಡಪ್ಪ. ಅಜ್ಜ ಹೆಮ್ಮೆಯಿಂದ ಎದೆ ತಟ್ಟಿಕೊಂಡರು. ಅವರು ಹುಡುಗರಿದ್ದಾಗ ಕೆಲಸ ಕಲಿತದ್ದು ಕೊವೆಂಟ್ರಿಯ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ.

ಆಮೇಲೆ ನಾವು ಓದಿ ನೋಡಿದೆವು. ರಂಟೆ, ರೋಟಾವೇಟರ್, ಕುಂಟೆಯನ್ನು ಟ್ರ್ಯಾಕ್ಟರಿನ ಹಿಂದೆ ಮೂರು ಕಡೆ ಸಿಕ್ಕಿಸಿ ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವ ವ್ಯವಸ್ಥೆಯನ್ನು ಬಳಕೆಗೆ ತಂದವರು ಹ್ಯಾರಿ ಫರ್ಗ್ಯುಸನ್, ಉತ್ತರ ಐರ್ಲೆಂಡಿನ ರೈತನ ಮಗ. ಅವರ ಸಣ್ಣ ಬೂದು ಟ್ರ್ಯಾಕ್ಟರನ್ನು 1946ರಿಂದ 1956ರವರೆಗೆ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಮಾಡಿದರು. ನಮ್ಮ ಕಡೆ "ಮ್ಯಾಸಿ" ಅಂತ ಕರೆಯುವ ಟ್ರ್ಯಾಕ್ಟರಿನ ಪೂರ್ತಿ ಹೆಸರು ಮ್ಯಾಸಿ ಫರ್ಗ್ಯುಸನ್. ಅದೇ ಫರ್ಗ್ಯುಸನ್ ಇವರು.

ನಮಗೆ ಗೊತ್ತಿಲ್ಲದ ಸಂಗತಿ ಮುಂದಿನದು. ಟ್ರ್ಯಾಕ್ಟರ್ ಕೆಲಸ ಬಿಟ್ಟ ಮೇಲೆ ಅವರು ಅದೇ ಊರಿನಲ್ಲಿ ಕಾರುಗಳಿಗೆ ನಾಲ್ಕು ಗಾಲಿಯ ಎಳೆತ ಕೊಡುವ ಕೆಲಸಕ್ಕೆ ಕೈ ಹಾಕಿದರು. ರಸ್ತೆ ಜಾರಿದರೂ ಕಾರು ಜಾರಬಾರದು ಅನ್ನುವುದು ಅವರ ಹಟ. 1960ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಕಂಪನಿ ಮಾಡಿದ ಫರ್ಗ್ಯುಸನ್ ಪಿ99 ಎಂಬ ನಾಲ್ಕು ಗಾಲಿ ಎಳೆತದ ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕ್‌ನ ಗೋಲ್ಡ್ ಕಪ್ ಗೆದ್ದರು. ಫಾರ್ಮುಲಾ ಒನ್ ಕಾರುಗಳ ಓಟದಲ್ಲಿ ನಾಲ್ಕು ಗಾಲಿ ಎಳೆತದ ಕಾರು ಗೆದ್ದದ್ದು ಅದೊಂದೇ ಸಲ. 1966ರಲ್ಲಿ ಅವರ ವಿಧಾನವನ್ನೇ ಬಳಸಿ ಜೆನ್ಸನ್ ಎಫ್‌ಎಫ್ ಎಂಬ ಕಾರು ಮಾರುಕಟ್ಟೆಗೆ ಬಂತು. ದಪ್ಪ ಎಣ್ಣೆಯ ಡಬ್ಬಿಯನ್ನು ಕಾರುಗಳಿಗೆ ತಂದವರೂ ಅವರ ಜೊತೆ ಕೆಲಸ ಮಾಡಿದ ಟೋನಿ ರೋಲ್ಟ್ ಮತ್ತು ಸಂಗಡಿಗರು, ಅದೂ ಕೊವೆಂಟ್ರಿಯಲ್ಲೇ.

ಅಂದರೆ ನಮ್ಮ ದೊಡ್ಡಪ್ಪ ದಿನಾ ರಂಟೆ ಕಟ್ಟುವ ವ್ಯವಸ್ಥೆಯೂ, ಅವರ ಮಗ ಬಿಚ್ಚಿ ತೆಗೆಯುತ್ತಿದ್ದ ವ್ಯವಸ್ಥೆಯೂ ಒಬ್ಬನೇ ರೈತನ ಮಗನ ಕಡೆಯಿಂದ ಬಂದವು.

ರೇಸಿನವರು ಮೊದಲೇ ಮಾಡಿದ ಕೆಲಸ

ತಮ್ಮ ಮಾಡಿದ್ದು ಹುಚ್ಚಾಟ ಏನಲ್ಲ. 1969ರಲ್ಲಿ ಲೋಟಸ್, ಮಾತ್ರಾ, ಮೆಕ್ಲಾರೆನ್ ಮೂವರೂ ಫಾರ್ಮುಲಾ ಒನ್‌ಗೆ ನಾಲ್ಕು ಗಾಲಿ ಎಳೆತದ ಕಾರು ಮಾಡಿ ಓಡಿಸಿದರು. ಮೂವರಿಗೂ ಅದೇ ತೊಂದರೆ: ತೂಕ ಹೆಚ್ಚು, ತಿರುವಿನಲ್ಲಿ ಮೂತಿ ಹೊರಕ್ಕೆ. ಅಷ್ಟರಲ್ಲಿ ಅಗಲದ ಟೈರು, ಕಾರನ್ನು ಗಾಳಿಯಿಂದಲೇ ನೆಲಕ್ಕೆ ಒತ್ತುವ ರೆಕ್ಕೆ ಬಂದವು. ಎರಡೇ ಗಾಲಿಗೆ ಬೇಕಾದಷ್ಟು ಹಿಡಿತ ಸಿಕ್ಕಿತು. ಆ ವರ್ಷ ಅಂಥ ಕಾರಿಗೆ ಸಿಕ್ಕಿದ್ದು ಒಂದೇ ಒಂದು ಅಂಕ, ಕೆನಡಾದಲ್ಲಿ ಆರನೇ ಸ್ಥಾನ ಬಂದ ಮಾತ್ರಾ ಕಾರಿಗೆ. ಅವತ್ತು ಆ ಕಾರಿನ ಮುಂದಿನ ಗಾಲಿಗಳಿಗೆ ಶಕ್ತಿಯೇ ಹೋಗುತ್ತಿರಲಿಲ್ಲ, ಅದನ್ನು ಬಿಡಿಸಿ ಓಡಿಸಿದ್ದೆವು ಅಂತ ಆ ತಂಡದವರೇ ಆಮೇಲೆ ಹೇಳಿದ್ದಾರೆ.

ಹಾಗಂತ ನಾಲ್ಕು ಗಾಲಿ ಎಲ್ಲ ಕಡೆಯೂ ಸೋತಿಲ್ಲ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ 1990ರಿಂದ 1993ರವರೆಗೆ ಜಪಾನಿನ ಗ್ರೂಪ್ ಎ ಪಂದ್ಯಾವಳಿಯ 29 ರೇಸುಗಳಲ್ಲಿ 29ನ್ನೂ ಗೆದ್ದಿತು. 1996ರಲ್ಲಿ ಔಡಿ ಎ4 ಕ್ವಾಟ್ರೊ ಬ್ರಿಟನ್ನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಗೆದ್ದಿತು. ಉಳಿದವರಿಗೆ ಸರಿಸಮ ಮಾಡಲು ಮೊದಲು ಅದರ ಮೇಲೆ ಹೆಚ್ಚು ತೂಕ ಹೇರಿದರು, 1998ರ ಹೊತ್ತಿಗೆ ಅಲ್ಲಿ ನಾಲ್ಕು ಗಾಲಿ ಎಳೆತವನ್ನೇ ನಿಷೇಧಿಸಿದರು.

ಈಗ ಜಗತ್ತಿನಾದ್ಯಂತ ನಡೆಯುವ ಜಿಟಿ3 ರೇಸುಗಳಲ್ಲೂ ಅದಕ್ಕೆ ಅವಕಾಶವಿಲ್ಲ. ಹಾಗಾಗಿ ರಸ್ತೆಯ ಮೇಲೆ ನಾಲ್ಕೂ ಗಾಲಿಯಿಂದ ಎಳೆಯುವ ಕಾರು ರೇಸಿಗೆ ಬಂದಾಗ ಹಿಂದಿನ ಎರಡೇ ಗಾಲಿಯಿಂದ ಓಡುತ್ತದೆ. ಬೆಂಟ್ಲಿ ಕಾಂಟಿನೆಂಟಲ್ 2013ರಲ್ಲಿ ಹೀಗೆ ರೇಸಿಗೆ ಇಳಿದಾಗ ರಸ್ತೆಯ ಕಾರಿಗಿಂತ 1,000 ಕಿಲೋಗೂ ಹೆಚ್ಚು ಹಗುರಾಗಿತ್ತು. ನಮ್ಮ ದೇಶದವರೇ ಆದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2019ರ ನವೆಂಬರ್‌ನಲ್ಲಿ ಜಪಾನಿನ ಫ್ಯೂಜಿಯಲ್ಲಿ ಒಂದು ರೇಸ್ ಗೆದ್ದದ್ದು ಹೋಂಡಾ ಎನ್‌ಎಸ್‌ಎಕ್ಸ್-ಜಿಟಿ ಕಾರಿನಲ್ಲಿ. ರಸ್ತೆಯ ಎನ್‌ಎಸ್‌ಎಕ್ಸ್‌ಗೆ ನಾಲ್ಕೂ ಗಾಲಿ ಎಳೆತ, ಅವರು ಓಡಿಸಿದ್ದಕ್ಕೆ ಹಿಂದಿನ ಎರಡು ಮಾತ್ರ.

ಆದರೆ ಇವರೆಲ್ಲ ಮುಂದಿನ ಶಾಫ್ಟ್ ತೆಗೆದು ಸುಮ್ಮನಾದವರಲ್ಲ. ತೂಕ, ಸ್ಪ್ರಿಂಗು, ಟೈರು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದವರು. ಶೆಡ್ಡಿನಲ್ಲಿ ಆ ಲೆಕ್ಕ ಎಷ್ಟು ದೊಡ್ಡದು ಅಂತ ನಮಗೆ ಆಮೇಲೆ ಗೊತ್ತಾಯಿತು.

ತೆಗೆದದ್ದು ಏನು, ಉಳಿಸಿದ್ದು ಏನು

ನಾವು ಅಂದುಕೊಂಡದ್ದು, ಮುಂದಿನ ಎರಡು ಶಾಫ್ಟ್ ಎಳೆದು ಹಾಕಿದರೆ ಮುಗಿಯಿತು ಅಂತ. ಹಾಗಲ್ಲ ಅಂತ ಮೊದಲು ಹೇಳಿದವರು ದೊಡ್ಡಪ್ಪ, ಅದೂ ಕಾರಿನ ಪುಸ್ತಕ ನೋಡಿ ಅಲ್ಲ.

"ಒಂದು ಗಾಲಿ ಕೆಸರಿನಾಗ ಸಿಕ್ಕರ ಏನಾಗ್ತೈತಿ? ಅದೊಂದ ಗಿರಗಿರ ತಿರಗ್ತೈತಿ, ಗಟ್ಟಿ ನೆಲದಾಗ ಇದ್ದದ್ದು ಸುಮ್ಮ ನಿಂದರ್ತೈತಿ. ಡಿಫರೆನ್ಷಿಯಲ್ ಅಂದ್ರ ಹಂಗ, ಹಗುರ ಇದ್ದ ಕಡೆ ಓಡಿ ಹೋಗ್ತೈತಿ. ನೀ ಮುಂದಿನ ಶಾಫ್ಟ್ ತೆಗದ್ರ ಮುಂದ ಪೂರಾ ಹಗುರ. ಶಕ್ತಿ ಎಲ್ಲಾ ಅಲ್ಲೇ ಹೋಗ್ತೈತಿ. ಗಾಡಿ ನಿಂತಲ್ಲೇ ನಿಂದರ್ತೈತಿ. ಡಿಫ್ ಲಾಕ್ ತುಳದಂಗ ಅದನ್ನ ಕಾಯಂ ಲಾಕ್ ಮಾಡಬೇಕು."

ಫೋನಿನ ಆ ಕಡೆ ಎರಡು ಕ್ಷಣ ಮಾತಿಲ್ಲ. "ಅಪ್ಪಾ, ಅದನ್ನ ಮಾಡಾಕತ್ತೀನಿ" ಅಂದ. ನಡುವಿನ ಡಿಫರೆನ್ಷಿಯಲ್ ಇದ್ದ ಜಾಗಕ್ಕೆ ಗಟ್ಟಿ ಉಕ್ಕಿನ ತುಂಡು ಬಂತು. ಎಂಜಿನ್ನಿನಿಂದ ಬಂದದ್ದೆಲ್ಲ ನೇರ ಹಿಂದಕ್ಕೆ. ಅದು ಇಲ್ಲದೆ ಓಡಿಸಿದ್ದರೆ ಎಣ್ಣೆಯ ಡಬ್ಬಿಯೊಂದೇ ಭಾರ ಹೊತ್ತು, ಕಾದು, ಕೆಟ್ಟುಹೋಗುತ್ತಿತ್ತು.

ಎರಡನೇ ವಿಷಯ ಹಿಡಿದವರು ಮಿಸ್ತ್ರಿ ಕಾಕಾ. "ತಮ್ಮಾ, ಮುಂದಿನ ಆಕ್ಸಲ್ ಪೂರಾ ತಗದ್ರ ಗಾಲಿ ಬೇರಿಂಗ್‌ನ ಯಾವುದು ಬಿಗಿ ಹಿಡೀತೈತಿ? ಮಾರುತಿ ಗಾಡಿ ಆಕ್ಸಲ್ ಬಿಚ್ಚಿ ಉರುಳಿಸಿದ್ರ ಬೇರಿಂಗ್ ಹೋಗ್ತೈತಿ ನೋಡು." ಸರಿಯಾದ ಮಾತು. ಈ ಕಾರಿನಲ್ಲೂ ಮುಂದಿನ ಗಾಲಿಯ ಬೇರಿಂಗನ್ನು ಒತ್ತಿ ಹಿಡಿಯುವುದು ಶಾಫ್ಟಿನ ತುದಿ ಮತ್ತು ಅದರ ದೊಡ್ಡ ನಟ್ಟು. ಹಾಗಾಗಿ ಶಾಫ್ಟಿನ ಹೊರ ತುದಿಯ ಜಾಯಿಂಟನ್ನು ಬಿಡಿಸಿ, ಅದನ್ನು ಗಾಲಿಯಲ್ಲೇ ಉಳಿಸಿ ನಟ್ಟು ಬಿಗಿದ. ಏನನ್ನೂ ಎಳೆಯದ, ಬರೀ ಬೇರಿಂಗ್ ಹಿಡಿಯುವ ತುಂಡು.

ಮೂರನೆಯದು ಎಣ್ಣೆ. ಇಂಪ್ರೆಝಾದ ಮುಂದಿನ ಡಿಫರೆನ್ಷಿಯಲ್ ಬೇರೆ ಇಲ್ಲ, ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇದೆ. ಎರಡಕ್ಕೂ ಒಂದೇ ಎಣ್ಣೆ. ಶಾಫ್ಟ್ ಹೊರಬಂದ ಎರಡು ತೂತು ಮುಚ್ಚದಿದ್ದರೆ ಎಣ್ಣೆ ಸುರಿದು ಗೇರ್‌ಬಾಕ್ಸ್ ಸುಡುತ್ತದೆ. ಇಂಗ್ಲಿಷ್ ಅಜ್ಜ ಗೇರ್‌ಬಾಕ್ಸ್ ಸೀಳಿ, ಒಳಗಿನ ಕ್ರೌನ್ ತೆಗೆದು, ತೂತುಗಳಿಗೆ ಮುಚ್ಚಳ ಮಾಡಿಕೊಟ್ಟರು.

ನಾಲ್ಕನೆಯದು ಹಿಂಭಾಗ. ಇಷ್ಟು ದಿನ ಅರ್ಧ ಶಕ್ತಿ ತಿನ್ನುತ್ತಿದ್ದ ಹಿಂದಿನ ಡಿಫರೆನ್ಷಿಯಲ್ ಈಗ ಪೂರ್ತಿ ತಿನ್ನಬೇಕು. ಆರ್160 ಅಂತ ಇದ್ದದ್ದನ್ನು ತೆಗೆದು, ಗುಜರಿಗೆ ಬಂದ ಇನ್ನೊಂದು ಕಾರಿನಿಂದ ಆರ್180 ತಂದು, ಅದಕ್ಕೆ ಹೊಂದುವ ಶಾಫ್ಟುಗಳ ಸಮೇತ ಹಾಕಿದ. ಆ ಅಂಕಿ ಒಳಗಿನ ಕ್ರೌನ್ ಗೇರಿನ ಅಗಲ, ಮಿಲಿಮೀಟರ್‌ನಲ್ಲಿ.

ಎಲ್ಲ ಮುಗಿದ ಮೇಲೆ ತೆಗೆದ ಸಾಮಾನು ತೂಗಿದ. ಮುಂಭಾಗದಿಂದ ಹೋದದ್ದು 15 ಕಿಲೋ ಆಸುಪಾಸು. ನಾವು ಅಷ್ಟೇನಾ ಅಂದೆವು. ಅಷ್ಟೇ. ಎಂಜಿನ್ ಇದ್ದಲ್ಲೇ ಇದೆ, ಕಾರಿನ ಅರ್ಧಕ್ಕಿಂತ ಹೆಚ್ಚು ಭಾರ ಇನ್ನೂ ಮುಂದೆಯೇ. ಎಳೆಯುವ ಗಾಲಿ ಹಿಂದೆ, ಭಾರ ಮುಂದೆ. ಟ್ರ್ಯಾಕ್ಟರಿನಲ್ಲಿ ಹಿಂದಿನ ಗಾಲಿಗೆ ಹಿಡಿತ ಬರಲಿ ಅಂತ ಬಿಲ್ಲೆ ಕಟ್ಟಿ, ಟೈರಿಗೆ ನೀರು ತುಂಬುತ್ತೇವಲ್ಲ, ಇಲ್ಲಿ ಅದರ ಉಲ್ಟಾ ಪರಿಸ್ಥಿತಿ.

ಲೆಕ್ಕ ಕೇಳಿದ ದಿನ

ಫೆಬ್ರವರಿಯ ಒಂದು ಭಾನುವಾರ ದೊಡ್ಡಪ್ಪ ಕೇಳೇಬಿಟ್ಟರು.

"ಒಟ್ಟು ಎಷ್ಟ್ ಹೋತು?"

ಸಾಮಾನಿಗೆ 900 ಪೌಂಡ್, ಕಾರಿನ ದುಡ್ಡು ಸೇರಿಸಿ 2,900. ನಮ್ಮ ಲೆಕ್ಕದಲ್ಲಿ 3 ಲಕ್ಷದ ಮೇಲೆ. ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ.

"ಹೊಲದ ಕಾಗದ ಬ್ಯಾಂಕಿನಾಗ ಐತಿ" ಅಂದರು ದೊಡ್ಡಪ್ಪ. ದನಿ ಏರಿಸಲಿಲ್ಲ. "ನೀ ಕಾರು ಬಿಚ್ಚಕೊಂತ ಕುಂತಿ."

ಅವನು ಕಂತು ಒಂದೂ ತಪ್ಪಿಸಿಲ್ಲ ಅಂದ. ಅದು ನಿಜ. ಆಮೇಲೆ ಅವನು ಹೇಳಿದ್ದನ್ನು ನಾವು ಮೊದಲ ಸಲ ಕೇಳಿದೆವು. ಕೆಲಸದಲ್ಲಿ ಅವನು ದಿನವಿಡೀ ಕಂಪ್ಯೂಟರಿನ ಮುಂದೆ ಒಂದು ಬ್ರಾಕೆಟ್‌ನ ಚಿತ್ರ ತಿದ್ದುತ್ತಾನೆ. ಎರಡು ವರ್ಷದಿಂದ ಅದೇ. ಹಳೆಯ ರೇಸ್ ಕಾರು ಸಜ್ಜು ಮಾಡುವ ಸಣ್ಣ ಗ್ಯಾರೇಜುಗಳಲ್ಲಿ ಕೆಲಸ ಕೇಳಲು ಹೋದರೆ ಸರ್ಟಿಫಿಕೇಟ್ ನೋಡುವುದಿಲ್ಲ, "ನಿನ್ನ ಕೈಯಾರೆ ಏನು ಮಾಡಿದ್ದೀಯ?" ಅಂತ ಕೇಳುತ್ತಾರೆ. ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ.

"ಅದಕ್ಕ ಮಾಡೀನಿ ಅಪ್ಪಾ. ಪ್ರತಿ ಬೋಲ್ಟ್ ಬರದಿಟ್ಟೀನಿ."

ದೊಡ್ಡಪ್ಪ ಎದ್ದು ಹೋಗಿ ದನಕ್ಕೆ ಮೇವು ಹಾಕಿ ಬಂದರು. ಬಂದವರು ಕೇಳಿದ್ದು ಇಷ್ಟೇ: "ಹಿಂದಿನ ಡಿಫರೆನ್ಷಿಯಲ್ ನಟ್ಟಿಗೆ ಟಾರ್ಕ್ ಪಾನಾ ಹಾಕೀಯೋ, ಕೈ ಅಂದಾಜ ಬಿಗದೀಯೋ?" ಅದನ್ನು ಒಪ್ಪಿಗೆ ಅನ್ನಬೇಕೋ ಬೇಡವೋ ನಮಗೆ ತಿಳಿಯಲಿಲ್ಲ. ಮುಂದಿನ ಭಾನುವಾರವೂ ಏಳೂವರೆಗೆ ಕಟ್ಟೆಯ ಮೇಲೆ ಕೂತಿದ್ದರು.

ಏಪ್ರಿಲ್, ಮ್ಯಾಲರಿ ಪಾರ್ಕ್

ಕಾರನ್ನು ರಸ್ತೆಗೆ ಇಳಿಸುವುದಿಲ್ಲ ಅಂತ ಅಲ್ಲಿನ ಸರ್ಕಾರಕ್ಕೆ ತಿಳಿಸಿ, ಟ್ರೇಲರ್ ಮೇಲೆ ಟ್ರ್ಯಾಕಿಗೆ ಒಯ್ದ. ಬೆಳಿಗ್ಗೆ ಮಳೆ ಬಿದ್ದು ನೆಲ ಒದ್ದೆ. ಮೂರನೇ ಸುತ್ತಿನಲ್ಲಿ ಶಾಸ್ ಹೇರ್‌ಪಿನ್‌ನಿಂದ ಹೊರಬರುವಾಗ ಆಕ್ಸಿಲರೇಟರನ್ನು ಹಳೆಯ ಅಭ್ಯಾಸದಂತೆ ಒತ್ತಿದ. ಹಿಂಭಾಗ ಪಕ್ಕಕ್ಕೆ ಹಾರಿ, ಕಾರು ಗಿರ್ರನೆ ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಏನೂ ತಾಗಲಿಲ್ಲ. ಬಾವುಟ ತೋರಿಸಿ ಒಳಗೆ ಕರೆದರು, ನಿಧಾನ ಮಾಡು ಅಂತ ಹೇಳಿ ಬಿಟ್ಟರು. ಕ್ಯಾಮೆರಾದಲ್ಲಿ ಹಿಡಿದ ಆ ದೃಶ್ಯವನ್ನು ದೊಡ್ಡಪ್ಪ ಮೂರು ಸಲ ಹಾಕಿಸಿ ನೋಡಿದರು. ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನ ನೆಲ ಒಣಗಿತು. ಜೆರಾರ್ಡ್ಸ್‌ನಲ್ಲಿ ಮೂತಿ ಹೊರಕ್ಕೆ ಹೋಗುವುದು ಕಡಿಮೆಯಾಗಿತ್ತು. ಸ್ಟಿಯರಿಂಗ್ ಕೈಗೆ ಹಗುರ, ತಿರುಗಿಸಿದಷ್ಟು ತಿರುಗುತ್ತಿತ್ತು. ಆದರೆ ಹೇರ್‌ಪಿನ್‌ನಿಂದ ಹೊರಬರುವಾಗ ಮೊದಲಿನ ಹಾಗೆ ಕಣ್ಣು ಮುಚ್ಚಿ ಒತ್ತುವಂತಿಲ್ಲ, ಕಾಯಬೇಕು. ಮೂತಿ ಹೊರಕ್ಕೆ ಹೋಗುವುದನ್ನು ತಡೆಯಲು ಹಿಂದೆ ಹಾಕಿಸಿದ್ದ ದಪ್ಪ ಆ್ಯಂಟಿ ರೋಲ್ ಬಾರನ್ನು ಅವತ್ತೇ ತೆಗೆದು ಹಳೆಯ ತೆಳು ಬಾರು ಹಾಕಿದ. ಹಿಂಭಾಗ ಸ್ವಲ್ಪ ಮಾತು ಕೇಳಿತು.

ಸಂಜೆ ಟೈರು ನೋಡಿದ. ಮುಂದಿನವು ಚೆನ್ನಾಗಿದ್ದವು. ಹಿಂದಿನವು ಸವೆದಿದ್ದವು.

ಕಾರು ಮೊದಲಿಗಿಂತ ಬೇಗ ಓಡಿತಾ ಅಂತ ಕೇಳಿದೆವು. "ಒಣ ನೆಲದಾಗ ಹೆಚ್ಚೂ ಕಡಿಮಿ ಅಷ್ಟ ಅನಸ್ತೈತಿ. ಒದ್ದಿ ನೆಲದಾಗ ಖಂಡಿತ ನಿಧಾನ" ಅಂದ. ಮತ್ತೆ ಯಾಕೆ ಇಷ್ಟೆಲ್ಲ? "ಮೊದಲು ಕಾರು ನನ್ನ ತಪ್ಪು ಮುಚ್ಚತಿತ್ತು ಅಕ್ಕಾ. ಈಗ ತೋರಸ್ತೈತಿ."

ನಮ್ಮ ಊರಿನ ಹುಡುಗರಿಗೆ

ಈ ಮಾತು ಕೇಳಿ ನಮ್ಮ ಓಣಿಯ ಇಬ್ಬರು ಹುಡುಗರು ಹಳೆಯ ಜೀಪಿನ ಶಾಫ್ಟ್ ಬಿಚ್ಚುವ ಮಾತು ಎತ್ತಿದರು. ಫೋನಿನಲ್ಲಿ ಕಾರು ಅಡ್ಡಡ್ಡ ಜಾರುವ ವಿಡಿಯೋ ನೋಡದವರು ಯಾರಿದ್ದಾರೆ ಈಗ? ಅದಕ್ಕೇ ನೇರವಾಗಿ ಹೇಳುತ್ತೇವೆ.

ಮುಂದಿನ ಗಾಲಿಯ ಎಳೆತ ತೆಗೆದರೆ ಆ ಕೆಲಸ ಮಾಯವಾಗುವುದಿಲ್ಲ. ಹಿಂದಿನ ಎರಡು ಟೈರು, ಹಿಂದಿನ ಡಿಫರೆನ್ಷಿಯಲ್, ಓಡಿಸುವವನ ಬಲಗಾಲು, ಈ ಮೂರರ ಮೇಲೆ ಬಂದು ಕೂರುತ್ತದೆ. ಟ್ರ್ಯಾಕಿನಲ್ಲಿ ಕಾರು ತಿರುಗಿ ನಿಂತರೆ ಸುತ್ತ ಖಾಲಿ ಜಾಗ ಇದೆ, ಬಾವುಟ ತೋರಿಸುವವರು ಇದ್ದಾರೆ, ಎದುರಿಗೆ ಗಾಡಿ ಬರುವುದಿಲ್ಲ. ನಮ್ಮ ರಸ್ತೆಯಲ್ಲಿ ಎದುರಿಗೆ ಶಾಲೆಯ ಮಕ್ಕಳು, ಕಬ್ಬಿನ ಟ್ರೇಲರ್, ಒಣಗಲು ಹಾಕಿದ ಗೋವಿನಜೋಳ.

ಕಾನೂನೂ ಬಿಡುವುದಿಲ್ಲ. ತಯಾರಕರು ಮಾಡಿಕೊಟ್ಟ, ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನಿಜವಾದ ಆಸೆ ಇದ್ದವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಇದೆ. ದುಡ್ಡು ಬೇಕು, ದೂರ ಇದೆ, ನಿಜ. ಆದರೆ ಅದಕ್ಕೆ ಬದಲಿ ಊರ ರಸ್ತೆ ಅಲ್ಲ.

ದೊಡ್ಡಪ್ಪ ತಂದ ಟ್ರ್ಯಾಕ್ಟರಂತೂ ಸರಿಯೇ. ಜುಲೈನಲ್ಲಿ ಎರಿ ಹೊಲ ಕಾಲು ಹಿಡಿದಾಗ ಎರಡು ಗಾಲಿಯ ಹಳೆಯ ಗಾಡಿ ಸಿಕ್ಕಿಬಿದ್ದು, ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತರಬೇಕಿತ್ತು. ಈ ಸಲ ಹಾಗಾಗಲಿಲ್ಲ. ಅದಕ್ಕೆ ಕೆಸರಿನ ಲೆಕ್ಕ, ಅವನ ಕಾರಿಗೆ ಡಾಂಬರಿನ ಲೆಕ್ಕ. ಓಣಿಯ ಚರ್ಚೆಗೆ ನಾವು ಕೊಡುವ ಉತ್ತರ ಇಷ್ಟೇ.

ತಮ್ಮನಿಗೆ ಈಗ ಒಂದು ಸಣ್ಣ ಗ್ಯಾರೇಜಿನಲ್ಲಿ ಶನಿವಾರ ಮಾತ್ರ ಕೆಲಸ ಸಿಕ್ಕಿದೆ. ಬೋಲ್ಟಿನ ಲೆಕ್ಕ ಬರೆದ ಪುಸ್ತಕ ನೋಡಿ ಕರೆದರಂತೆ. ವಾರದ ಉಳಿದ ದಿನ ಅದೇ ಬ್ರಾಕೆಟ್. ಹೊಲದ ಕಾಗದ ಇನ್ನೂ ಬ್ಯಾಂಕಿನಲ್ಲೇ ಇದೆ. ತೆಗೆದಿಟ್ಟ ಮುಂದಿನ ಶಾಫ್ಟುಗಳನ್ನು ಕೊಳ್ಳಲು ಯಾರೋ ಕೇಳಿದ್ದರಂತೆ, ದೊಡ್ಡಪ್ಪ ಬೇಡ ಅಂದರು. ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ ಇಡು ಅಂದಿದ್ದಾರೆ. ಅಲ್ಲಿ ಗೋಣಿಚೀಲ ಸಿಗಲಿಲ್ಲವಂತೆ, ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದಾನೆ.